ಪಂಚಮಿಯ ಮಳೆಯಲ್ಲಿ ಎರಡನೆಯವನು

ನನ್ನ ರಕ್ತದ ಗುಂಪು ಒ ನೆಗೆಟಿವ್ ಎಂದು ಗೊತ್ತಾಗಿದ್ದು ಮೊದಲ ಬಸುರಿನ ಮೂರನೇ ತಿಂಗಳಲ್ಲಿ. ಅಲ್ಲಿಯವರೆಗೆ ಅದನ್ನು ಕೇಳಿದವರೂ ಇಲ್ಲ, ತಿಳಿಯುವ ಪ್ರಸಂಗವೂ ಬಂದಿರಲಿಲ್ಲ. ನಮ್ಮನೆಯವರದು ಒ ಪಾಸಿಟಿವ್. ಶಿರಸಿಯ ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿ, "ಈ ಮಗುವಿಗೆ ಸಾಮಾನ್ಯವಾಗಿ ತೊಂದರೆ ಆಗೋದಿಲ್ಲ. ಎಚ್ಚರ ಬೇಕಾಗೋದು ಎರಡನೇದಕ್ಕೆ" ಎಂದರು. ಹೊಟ್ಟೆಯಲ್ಲಿದ್ದದ್ದು ಇನ್ನೂ ಮಿಸುಕಲು ಶುರುಮಾಡಿರಲಿಲ್ಲ, ಅಷ್ಟರಲ್ಲಿ ಎರಡನೆಯದರ ಮಾತು ಬಂದುಬಿಟ್ಟಿತು. ಮನೆಗೆ ಬಂದು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಹೇಳಿದಾಗ ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ಆಮೇಲೆ.

ಡಾಕ್ಟರು ವಿವರಿಸಿದ್ದು ಇಷ್ಟು. ತಾಯಿ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ತಾಯಿಯ ಮೈ ಅದನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಪ್ರತಿಕಾಯ, ಅಂದರೆ ಅದನ್ನು ಎದುರಿಸುವ ವಸ್ತು, ಕಟ್ಟಿಕೊಳ್ಳುತ್ತದೆ. ಅಷ್ಟೊತ್ತಿಗೆ ಮೊದಲ ಮಗು ಹೊರಗೆ ಬಂದಾಗಿರುತ್ತದೆ, ಅದಕ್ಕೆ ಅಪಾಯವಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ಆ ಪ್ರತಿಕಾಯಗಳು ಮಾಸು ದಾಟಿ ಹೋಗಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಹುಟ್ಟಿದ ಕೂಡಲೇ ಕಾಮಾಲೆ ಏರುತ್ತದೆ. ಹೆಚ್ಚಾದರೆ ಹೊಟ್ಟೆಯಲ್ಲಿದ್ದಾಗಲೇ ಮೈತುಂಬ ನೀರು ತುಂಬಿ ಹೋಗಿಬಿಡುತ್ತದೆ. ಇದಕ್ಕೆ ತಡೆ ಒಂದು ಇಂಜೆಕ್ಷನ್, ಆ್ಯಂಟಿ-ಡಿ. ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಅದನ್ನು ಕೊಟ್ಟರೆ ಮೈ ಆ ಪ್ರತಿಕಾಯ ಕಟ್ಟಿಕೊಳ್ಳುವುದನ್ನು ತಡೆಯಬಹುದು.

ನಮ್ಮ ದೇಶದಲ್ಲಿ ನೂರಕ್ಕೆ ಐದಾರು ಜನ ನೆಗೆಟಿವ್ ಇರುತ್ತಾರಂತೆ. ಹಾಗಾದರೆ ಒಂದು ಊರಿನಲ್ಲಿ ಎಷ್ಟು ಮನೆಗೆ ಇದು ಸಂಬಂಧಪಟ್ಟದ್ದು ಎಂದು ನೀವೇ ಎಣಿಸಿಕೊಳ್ಳಬಹುದು.

ಮೊದಲನೇ ಹೆರಿಗೆ ತವರಿನದು, ನಮ್ಮಲ್ಲಿ ಚೊಚ್ಚಲು ಹಾಗೇ. 2015ರ ಚಳಿಗಾಲ. ಆ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಆಯಿ ಬಾಗಿಲಾಚೆ ಬೆಂಚಿನ ಮೇಲೆ, ನಾನು ಒಳಗೆ ಡ್ರಿಪ್ ಹಾಕಿಸಿಕೊಂಡು ಗೋಡೆ ನೋಡುತ್ತಾ ಒಂದು ಹಗಲು ಒಂದು ರಾತ್ರಿ. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಆದರೆ ನೋವಿಗಿಂತ ಹೆಚ್ಚು ನೆನಪಿರುವುದು ಆ ಒಂಟಿತನ. ನೋವು ಬಂದಾಗ ಹಿಡಿದುಕೊಳ್ಳಲು ಕಬ್ಬಿಣದ ಮಂಚದ ಸರಳು ಮಾತ್ರ ಇತ್ತು. ಹುಟ್ಟಿದ್ದು ಕೂಸು, ನಮ್ಮಲ್ಲಿ ಹೆಣ್ಣುಮಗುವಿಗೆ ಹಾಗೆನ್ನುವುದು. ಗುಂಪು ಒ ಪಾಸಿಟಿವ್. ಮರುದಿನವೇ ಇಂಜೆಕ್ಷನ್ ಕೊಟ್ಟರು. ಎರಡನೇ ಮಗುವಿನ ಬಾಗಿಲನ್ನು ತೆರೆದಿಟ್ಟದ್ದು ಆ ಒಂದು ಸೂಜಿ. ಅವನ ಹುಟ್ಟಿನ ಕಥೆಯನ್ನು ನಾನು ಯಾವಾಗಲೂ ಅಲ್ಲಿಂದಲೇ ಹೇಳುವುದು.

ಇನ್ನು ಆಯಿಯ ಮೌನದ ವಿಷಯ. ಆಯಿ ಅವಳ ತಾಯಿಗೆ ಒಬ್ಬಳೇ ಮಗಳು. 1958ರಲ್ಲಿ ಹುಟ್ಟಿದವಳು. ಅವಳ ನಂತರ ಅಜ್ಜಿ ಮೂರು ಸಲ ಬಸುರಾದಳು. ಒಂದು ಹೊಟ್ಟೆಯಲ್ಲೇ ಹೋಯಿತು. ಎರಡು ಹುಟ್ಟಿ, ಅರಿಶಿನ ಮೆತ್ತಿದಂತೆ ಹಳದಿಯಾಗಿ, ಪುರುಡು ಕಳೆಯುವ ಮೊದಲೇ ಹೋದವು. ಆಯಿಗೆ ಕೊನೆಯದರ ನೆನಪಿದೆ. ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ಇಣುಕಿದ್ದಳಂತೆ. ಸೀಮೆಯೆಲ್ಲ ನಾಗದೋಷ ಅಂದಿತು. ಅಜ್ಜ ನಾಗಪ್ರತಿಷ್ಠೆ ಮಾಡಿಸಿದ, ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರ ಮಾಡಿಸಿದ. ಅಜ್ಜಿ ಬದುಕಿರುವವರೆಗೂ ಪ್ರತಿ ಪಂಚಮಿಗೆ ಉಪವಾಸ ಮಾಡುತ್ತಿದ್ದಳು. ಅವಳ ರಕ್ತವನ್ನು ಯಾರೂ ಯಾವತ್ತೂ ಪರೀಕ್ಷಿಸಿರಲಿಲ್ಲ. ಹಾಗಾಗಿ ಅದು ಇದೇ ಅಂತ ನಾನು ಹೇಳಲಾರೆ. ಆದರೆ ಡಾಕ್ಟರು ಹೇಳಿದ ಒಂದೊಂದು ಮಾತೂ ಆಯಿಗೆ ತನ್ನ ಮನೆಯ ಕಥೆಯನ್ನು ಬೇರೆಯವರ ಬಾಯಲ್ಲಿ ಕೇಳಿದಂತೆ ಆಗಿತ್ತು. ಮೊದಲನೆಯದು ಉಳಿಯುತ್ತದೆ, ಮುಂದಿನವು ಹಳದಿಯಾಗುತ್ತವೆ. ಆ ಇಂಜೆಕ್ಷನ್ನಿಗೆ ಅಮೆರಿಕದಲ್ಲೇ ಒಪ್ಪಿಗೆ ಸಿಕ್ಕಿದ್ದು 1968ರಲ್ಲಿ. ಅಜ್ಜಿಯ ಕೊನೆಯ ಬಸುರು ಅದಕ್ಕೂ ಮೊದಲಿನದು. ಪೂಜೆ ಮಾಡಿದ್ದಕ್ಕೆ ನನ್ನ ತಕರಾರಿಲ್ಲ, ನಾನೂ ಮಾಡುತ್ತೇನೆ. ಅಜ್ಜಿಯನ್ನು 'ಮಕ್ಕಳು ಉಳಿಯದವಳು' ಎಂದು ಶುಭಕಾರ್ಯಗಳಲ್ಲಿ ಹಿಂದೆ ಕೂರಿಸುತ್ತಿದ್ದರಲ್ಲ, ಅದು ಮಾತ್ರ ಈಗಲೂ ನನ್ನ ಹೊಟ್ಟೆ ಉರಿಸುತ್ತದೆ.

2019ರ ಬಸುರಿನಲ್ಲಿ ನಾನು ಗಂಡನ ಮನೆಯಲ್ಲೇ ಇದ್ದೆ, ಕುಮಟಾ ತಾಲೂಕಿನ ಮಿರ್ಜಾನ್ ಕಡೆಯ ಹಳ್ಳಿ. ಮೂರನೇ ತಿಂಗಳಲ್ಲೂ 28ನೇ ವಾರದಲ್ಲೂ ಇನ್‌ಡೈರೆಕ್ಟ್ ಕೂಂಬ್ಸ್ ಎಂಬ ಪರೀಕ್ಷೆ ಮಾಡಿದರು. ನನ್ನ ರಕ್ತದಲ್ಲಿ ಆ ಪ್ರತಿಕಾಯ ಕಟ್ಟಿದೆಯೇ ಎಂದು ನೋಡುವ ಪರೀಕ್ಷೆ ಅದು. ಎರಡು ಸಲವೂ ನೆಗೆಟಿವ್ ಬಂತು. ಜೀವನದಲ್ಲಿ ಆ ಶಬ್ದ ಅಷ್ಟು ಹಿತವಾಗಿ ಕೇಳಿದ್ದು ಅವೆರಡೇ ಸಲ. 28ನೇ ವಾರದಲ್ಲಿ 300 ಮೈಕ್ರೋಗ್ರಾಂನ ಆ್ಯಂಟಿ-ಡಿ ಕೊಟ್ಟು, ಹೆರಿಗೆಯಾದ ಮೇಲೆ ಇನ್ನೊಂದು ಬೇಕಾಗಬಹುದು, ಮೊದಲೇ ಹೇಳಿ ಇಟ್ಟುಕೊಳ್ಳಿ ಎಂದರು. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡಬೇಕಾದ ಮದ್ದು, ಬೆಲೆಯೂ ಸಾವಿರದ ಲೆಕ್ಕದ್ದು. ನಮ್ಮನೆಯವರು ಕುಮಟಾದ ಒಂದು ಮೆಡಿಕಲ್ ಶಾಪಿನವರಿಗೆ ಜುಲೈಯಲ್ಲೇ ಹೇಳಿ ತರಿಸಿಟ್ಟಿದ್ದರು. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ 'ನೆಗೆಟಿವ್' ಎಂದು ದಪ್ಪಕ್ಷರದಲ್ಲಿ ಬರೆದು ಸುತ್ತ ಗೆರೆ ಎಳೆದಳು. "ಅಕ್ಕಾ, ನೀವು ಮಾತಾಡೋ ಸ್ಥಿತಿಲಿ ಇಲ್ಲದಿದ್ರೂ ಇದು ಮಾತಾಡ್ಬೇಕು" ಎಂದಳು.

ದಿನ ತುಂಬುವುದು ಆಗಸ್ಟ್ ಮಧ್ಯಕ್ಕೆ. ಪಂಚಮಿ ಮುಗಿಸಿಕೊಂಡು ಮರುದಿನ ಆಯಿ ಘಟ್ಟ ಇಳಿದು ಬರುವುದೆಂದು ನಿಶ್ಚಯವಾಗಿತ್ತು. ಪಂಚಮಿ ಆ ವರ್ಷ ಆಗಸ್ಟ್ 5, ಸೋಮವಾರ.

ಆ ವಾರದ ಮಳೆಯನ್ನು ಉತ್ತರ ಕನ್ನಡದವರು ಯಾರೂ ಮರೆತಿರಲಾರರು. ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲ ಒಟ್ಟಿಗೆ ತುಂಬಿದವು. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿಯ ದಂಡೆಯ ಊರುಗಳು ಮುಳುಗಿದ ಸುದ್ದಿ, ಅಂಕೋಲೆಯ ಕಡೆ ಗಂಗಾವಳಿ ಮನೆಯೊಳಗೆ ಬಂದ ಸುದ್ದಿ. ನಮ್ಮಲ್ಲಿ ಉಪ್ಪುನೀರಿನ ಗಜನಿ ಗದ್ದೆಗಳೂ ಹೊಳೆಯೂ ಒಂದೇ ಆಗಿ, ಬೇಲಿಗೂಟದ ತುದಿ ಮಾತ್ರ ಕಾಣುತ್ತಿತ್ತು. ಬೆಳಿಗ್ಗೆ ಆಯಿಯ ಫೋನ್. "ಕತಗಾಲದಲ್ಲಿ ಚಂಡಿಕಾ ಹೊಳೆ ರಸ್ತೆ ಮೇಲೆ ಬಂಜಡ. ಬಸ್ ನಿಲ್ಸಿದ್ವಡ. ಎಂತ ಮಾಡದು ತಂಗೀ?" ಶಿರಸಿ ಕುಮಟಾ ರಸ್ತೆಗೆ ಮಳೆಗಾಲದಲ್ಲಿ ಇದು ಹೊಸತಲ್ಲ. ಇನ್ನೂ ಒಂದು ವಾರ ಇದೆ, ನೀರು ಇಳಿದ ಮೇಲೆ ಬಾ ಎಂದೆ. ಹಾಗೆ ಹೇಳುವಾಗಲೇ ಸೊಂಟದಲ್ಲಿ ಸಣ್ಣಗೆ ಎಳೆಯುತ್ತಿತ್ತು.

ಮಾವ ಕೊಡೆ ಹಿಡಿದು ನಾಗಬನಕ್ಕೆ ಹೋಗಿ ಹಾಲೆರೆದು ಬಂದರು. ಅತ್ತೆ ಅರಿಶಿನ ಎಲೆ ಕಡುಬಿಗೆ ಹಿಟ್ಟು ಹಚ್ಚುತ್ತಿದ್ದರು, ನಾನು ಎಲೆ ಒರೆಸಿ ಕೊಡುತ್ತಿದ್ದೆ. ಮನೆ ತುಂಬ ಬೆಂದ ಅರಿಶಿನ ಎಲೆಯ ಪರಿಮಳ. ಮಧ್ಯಾಹ್ನದ ಹೊತ್ತಿಗೆ ಎಳೆತ ಬಂದು ಹೋಗುವುದು ಅರ್ಧ ಗಂಟೆಗೊಮ್ಮೆಯಾಯಿತು. ಕಳೆದ ವಾರವೂ ಹೀಗೇ ಬಂದು ನಡೆದಾಡಿದರೆ ನಿಂತುಹೋಗಿತ್ತು. ಇದು ನಿಲ್ಲಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಹಬ್ಬದ ಊಟ ಎಲ್ಲರದ್ದೂ ಆಗಲಿ ಎಂದಿತ್ತು ಮನಸ್ಸಿನಲ್ಲಿ. ಆದರೆ ಅತ್ತೆ ನೋಡುತ್ತಲೇ ಇದ್ದರು. ನಾನು ಮಾತಿನ ಮಧ್ಯೆ ನಿಲ್ಲಿಸಿ ಕಂಬ ಹಿಡಿದುಕೊಂಡದ್ದನ್ನು ಕಂಡು, ಕೈ ತೊಳೆದು ಬಂದು, "ಎಷ್ಟು ಹೊತ್ತಿಗೊಂದ್ಸಲ ಬತ್ತಾ ಇದ್ದು?" ಎಂದಷ್ಟೇ ಕೇಳಿದರು.

ನಮ್ಮ ಅತ್ತೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರು ಹೆಚ್ಚು ಮಾತಾಡುವವರಲ್ಲ. ಮದುವೆಯಾಗಿ ಆರು ವರ್ಷವಾಗಿದ್ದರೂ ನಮ್ಮಿಬ್ಬರ ಮಾತು ಅಡುಗೆ, ಕೊಟ್ಟಿಗೆ, ಕೂಸಿನ ಊಟ ಇಷ್ಟರಲ್ಲೇ ಮುಗಿಯುತ್ತಿತ್ತು. ಜಗಳವಿಲ್ಲ, ಸಲಿಗೆಯೂ ಇಲ್ಲ. ಹೆರಿಗೆಗೆ ಪಕ್ಕದಲ್ಲಿ ಆಯಿಯೇ ಇರಬೇಕು ಎಂದು ನಾನು ಬಯಸಿದ್ದು ಅವರಿಗೆ ತಿಳಿದಿತ್ತು.

ದೀಪ ಹಚ್ಚುವ ಹೊತ್ತಿಗೆ ನೋವು ಹತ್ತು ನಿಮಿಷಕ್ಕೊಮ್ಮೆ ಬರತೊಡಗಿತು. ಕರೆಂಟ್ ಮಧ್ಯಾಹ್ನವೇ ಹೋಗಿತ್ತು. ನಮ್ಮನೆಯವರು ಮಳೆ ಕಡಿಮೆಯಾಗಲಿ ಎಂದು ಜಗಲಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಅತ್ತೆ, "ಈಗ್ಲೇ ಹೋಪನ. ಎರಡನೇದು ಕಾಯ್ತಿಲ್ಲೆ" ಎಂದು ಕೂಸನ್ನು ಮಾವನ ಹತ್ತಿರ ಬಿಟ್ಟು, ತಾಯಿ ಕಾರ್ಡು, ಹಳೇ ಮೆತ್ತನೆ ಸೀರೆಗಳು, ಒಂದು ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಎಲ್ಲ ಚೀಲಕ್ಕೆ ತುಂಬಿದರು. ಅವರು ಹೇಳಿದ್ದು ನಿಜವೇ. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲಿನದಕ್ಕಿಂತ ಬೇಗ ಆಗುತ್ತದೆ. ಒಮ್ಮೆ ತೆರೆದ ದಾರಿ ಮೈಗೆ ಗೊತ್ತಿರುತ್ತದೆ. ಎರಡನೇ ಸಲದವರು ದೂರದ ಹಳ್ಳಿಯಲ್ಲಿದ್ದರೆ, ನೋವು ಗಟ್ಟಿಯಾಗಲಿ ಎಂದು ಕಾಯದೆ ಹೊರಟುಬಿಡುವುದು ಮೇಲು. ಆಚೆಮನೆಯವರ ಓಮ್ನಿ ಬಂತು. ಕೂಸು ಮಾವನ ಸೊಂಟದಲ್ಲಿ ಕೂತು ಕಡುಬು ತಿನ್ನುತ್ತಾ ಟಾಟಾ ಮಾಡಿತು. ಅವಳನ್ನು ಬಿಟ್ಟು ರಾತ್ರಿ ಕಳೆಯುವುದು ಅದೇ ಮೊದಲು. ಕಾರು ಹತ್ತುವಾಗ ನನಗೆ ಅಳು ಬಂದದ್ದು ನೋವಿಗಲ್ಲ.

ಹೆದ್ದಾರಿಯಲ್ಲಿ ಆಗ ಚತುಷ್ಪಥದ ಕೆಲಸ ನಡೆಯುತ್ತಿತ್ತು. ಅಲ್ಲಲ್ಲಿ ರಸ್ತೆ ಬದಲಿಸಿದ್ದರು, ಹೊಂಡದ ತುಂಬ ಕೆಂಪು ನೀರು. ಅಘನಾಶಿನಿ ಸೇತುವೆಯ ಮೇಲೆ ಬರುವಾಗ ಕೆಳಗೆ ಹೊಳೆಯ ಸದ್ದು ಮಳೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ ನೀರು ಹೋಯಿತು. ಅತ್ತೆ ಮೊಬೈಲಿನ ಬೆಳಕಿನಲ್ಲಿ ಬಟ್ಟೆ ನೋಡಿ, "ನೀರು ತಿಳೀ ಇದ್ದು, ಅಡ್ಡಿಲ್ಲೆ" ಎಂದರು. ನೀರು ಹಸಿರಾಗಿದ್ದರೆ ಮಗು ಒಳಗೆ ಮಲ ಮಾಡಿದೆ ಎಂದರ್ಥ, ಅದು ಗಾಬರಿಯ ಸಂಗತಿ. ಅವರಿಗೆ ಇದನ್ನು ಹೇಳಿಕೊಟ್ಟದ್ದು ಯಾವ ಡಾಕ್ಟರೂ ಅಲ್ಲ, ಅವರ ಕಾಲದ ಸೂಲಗಿತ್ತಿ.

ಕುಮಟಾದ ತಾಲೂಕು ಆಸ್ಪತ್ರೆಗೆ ಮುಟ್ಟಿದಾಗ ರಾತ್ರಿ ಹತ್ತು ಗಂಟೆಯ ಹತ್ತಿರ. ಸಿಸ್ಟರ್ ಕಾರ್ಡು ತೆರೆದರು, ಕೆಂಪು ಅಕ್ಷರ ಕಂಡ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿದರು, ಎರಡು ಟ್ಯೂಬು ತೆಗೆದು ಹೆಸರು ಬರೆದು ಬದಿಗಿಟ್ಟರು. ಮಗು ಹುಟ್ಟಿದಾಗ ಹೊಕ್ಕುಳ ಬಳ್ಳಿಯ ರಕ್ತ ಹಿಡಿಯಲು. ಪರೀಕ್ಷಿಸಿ ನೋಡಿ, "ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದಿದೆ, ಚೆನ್ನಾಗಿದೆ" ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಒಳಗೆ ನಿಮ್ಮ ಜೊತೆ ಯಾರು ಇರ್ತಾರೆ?"

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗೊಬ್ಬ ಹೆಂಗಸನ್ನು ಬಿಡಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿತ್ತು. ನನಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ. ಆಕೆ ಸ್ವತಃ ಹೆತ್ತವಳಾಗಿರಬೇಕು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಹಾಕಿರಬೇಕು, ಪೂರ್ತಿ ಹೊತ್ತು ಇರಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇವಳ ಆಯಿ ಬಪ್ಪಲೆ ಆಜಿಲ್ಲೆ. ಇವಳಿಗೆ ಅಡ್ಡಿಲ್ಲೆ ಅಂದ್ರೆ ಆನಿರ್ತಿ" ಎಂದರು. ಹೇಳಿದ್ದು ಸಿಸ್ಟರಿಗೆ, ನೋಡಿದ್ದು ನನ್ನನ್ನು. ನನ್ನ ಒಪ್ಪಿಗೆಯನ್ನು ಹಾಗೆ ಎದುರಿಗೆ ಕೇಳಿದ್ದು ಆ ಮನೆಯಲ್ಲಿ ಅದೇ ಮೊದಲು. ನಾನು ಅವರ ಕೈ ಹಿಡಿದುಕೊಂಡೆ.

ಮುಂದಿನ ನಾಲ್ಕು ತಾಸು ನನ್ನ ನೆನಪಿನಲ್ಲಿ ಒಂದರ ಮೇಲೊಂದು ಬಿದ್ದಿವೆ. ಜನರೇಟರಿನ ಗುರುಗುರು, ಶೀಟಿನ ಮೇಲೆ ಮಳೆ. ಅರ್ಧ ಗಂಟೆಗೊಮ್ಮೆ ಸಿಸ್ಟರ್ ಬಂದು ಹೊಟ್ಟೆಯ ಮೇಲೆ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿಸುತ್ತಿದ್ದರು. 110ರಿಂದ 160ರ ಒಳಗೆ ಇರಬೇಕಂತೆ. "140, ಗಟ್ಟಿ ಇದಾನೋ ಇದಾಳೋ" ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ ಹೋಗುತ್ತಿದ್ದರು. ಮಲಗೇ ಇರಬೇಕೆಂದು ಯಾರೂ ಹೇಳಲಿಲ್ಲ. ಅತ್ತೆಯ ಹೆಗಲ ಮೇಲೆ ಕೈ ಹಾಕಿ ಕೋಣೆಯುದ್ದಕ್ಕೂ ನಡೆದೆ. ನೋವು ಬಂದಾಗ ಕಿಟಕಿಯ ಕಟ್ಟೆ ಹಿಡಿದು ಬಾಗುವುದು, ಅವರು ಮುಷ್ಟಿ ಬಿಗಿದು ಸೊಂಟದ ಕೆಳಗೆ, ಬೆನ್ನೆಲುಬಿನ ತುದಿಯಲ್ಲಿ ಒತ್ತಿ ಹಿಡಿಯುವುದು. ಬಾಣಂತಿಯಾಗಲಿರುವ ಯಾರ ಮನೆಯವರಾದರೂ ಇದನ್ನು ಓದುತ್ತಿದ್ದರೆ ಈ ಒಂದನ್ನು ಕಲಿತಿಟ್ಟುಕೊಳ್ಳಿ. ತಿಕ್ಕುವುದಲ್ಲ, ಒತ್ತಿ ಹಿಡಿಯುವುದು. ನೋವು ಅರ್ಧ ಇಳಿದಂತಾಗುತ್ತದೆ.

ನಡುವಿನ ಬಿಡುವಿನಲ್ಲಿ ಅತ್ತೆ ಮಾತಾಡಿದರು. ಕೇಳದೆಯೇ. ಅವರ ಮೂರು ಹೆರಿಗೆಯೂ ಮನೆಯ ಕತ್ತಲೆ ಕೋಣೆಯಲ್ಲೇ ಆದದ್ದು, ಎರಡನೆಯದು, ಅಂದರೆ ನಮ್ಮನೆಯವರು, ಇಂಥದೇ ಮಳೆಯಲ್ಲಿ. ಸೂಲಗಿತ್ತಿ ಹೊಳೆಯಾಚೆ ಇದ್ದಳು, ದೋಣಿ ಹಾಕುವವರಿಲ್ಲ. ಅವಳು ಬರುವವರೆಗೆ ಕೋಣೆಯಲ್ಲಿ ಅವರೊಬ್ಬರೇ. ಅವರ ಅತ್ತೆ ಮಡಿಯಲ್ಲಿದ್ದವರು, ಬಾಗಿಲಲ್ಲೇ ನಿಂತು ಧೈರ್ಯ ಹೇಳಿದರು, ಒಳಗೆ ಬರಲಿಲ್ಲ. "ಒಂದು ಕೈ ಬೇಕಾಗಿತ್ತು ಯಂಗೆ. ಯಾರದ್ದಾದ್ರೂ" ಎಂದರು. ಮತ್ತೆ ನೋವು ಬಂತು, ಅವರ ಮುಷ್ಟಿ ಸರಿಯಾದ ಜಾಗಕ್ಕೆ ಹೋಯಿತು. ಆ ಮಾತು ಅಲ್ಲಿಗೇ ನಿಂತಿತು. ನಾನು ಏನೂ ಉತ್ತರ ಕೊಡಲಿಲ್ಲ, ಕೊಡುವ ಸ್ಥಿತಿಯಲ್ಲೂ ಇರಲಿಲ್ಲ.

ರಾತ್ರಿ ಒಂದು ಗಂಟೆ ದಾಟಿದ ಮೇಲೆ ಇನ್ನು ಆಗುವುದಿಲ್ಲ ಅನಿಸಿತು. ಮೈ ನಡುಗುತ್ತಿತ್ತು, ವಾಂತಿಯಾಯಿತು, ಮನೆಗೆ ಹೋಗುತ್ತೇನೆ ಎಂದು ಅಳತೊಡಗಿದೆ. ಸಿಸ್ಟರ್ ನೋಡಿ, "ಇನ್ನು ಸ್ವಲ್ಪವೇ ಅಕ್ಕಾ, ಈ ಮಾತು ಬರೋದೇ ಕೊನೇಲಿ" ಎಂದರು. ಅತ್ತೆ ಕಿವಿಯ ಹತ್ತಿರ ಬಂದು, "ಹೆದ್ರಡ, ಆನಿದ್ದಿ. ಉಸಿರು ಬಿಡು" ಎಂದು ತಾವೂ ಜೋರಾಗಿ ಉಸಿರು ಬಿಡತೊಡಗಿದರು. ಅವರ ಉಸಿರಿನ ಹಿಂದೆಯೇ ನನ್ನದು ಹೋಯಿತು. ಆಮೇಲೆ ಮುಕ್ಕಬೇಕೆಂಬ ಒತ್ತಡ ತಾನಾಗಿಯೇ ಬಂತು. ಮೊದಲ ಸಲ "ಮುಕ್ಕಿ ಮುಕ್ಕಿ" ಎಂದು ಎಲ್ಲರೂ ಕೂಗಿದ್ದರು, ಎಲ್ಲಿಗೆ ಬಲ ಹಾಕಬೇಕೆಂದೇ ತಿಳಿಯದೆ ಕಣ್ಣಿನ ನರ ಒಡೆದು ಕೆಂಪಾಗಿತ್ತು. ಈ ಸಲ ಸಿಸ್ಟರ್ ಹೇಳಿದ್ದು ಬೇರೆ. "ಒತ್ತಡ ಬಂದಾಗ ಮಾತ್ರ. ಈಗ ತಲೆ ಕಾಣ್ತಾ ಇದೆ, ಬಲ ಬೇಡ, ಊದಿ ಊದಿ ಬಿಡಿ." ಉರಿ ಎಂದರೆ ಉರಿ. ಮತ್ತೆ ಒಮ್ಮೆಗೇ ಜಾರಿದ ಹಾಗೆ, ಬಿಸಿಯಾದದ್ದೊಂದು ನನ್ನಿಂದ ಹೊರಗೆ ಹೋಗಿ ನನ್ನ ಎದೆಯ ಮೇಲೆಯೇ ಬಂತು.

ರಾತ್ರಿ ಎರಡರ ಸುಮಾರು. ಗಂಡು. ಒಂದು ಕ್ಷಣ ಸದ್ದಿಲ್ಲ, ಬೆನ್ನು ಒರೆಸಿದ್ದೇ ಕೂಗಿದ. ನಾನು ಮೊದಲು ನೋಡಿದ್ದು ಬಣ್ಣ. ಗಂಡೋ ಹೆಣ್ಣೋ ಎಂಬುದನ್ನು ಅತ್ತೆ ಹೇಳಿದ ಮೇಲೆ ತಿಳಿದದ್ದು. ಕೆಂಪಗಿದ್ದ. ಪೂರ್ತಿ ಕೆಂಪು, ಉಗುರಿನ ಬುಡದವರೆಗೂ. ಜನರೇಟರಿನ ಮಸುಕು ಬೆಳಕಿನಲ್ಲಿ ಅದು ನಿಜವಾದ ಬಣ್ಣವೋ ಅಲ್ಲವೋ ಎಂದು "ಸಿಸ್ಟರ್, ಕೆಂಪು ಇದಾನಲ್ಲ?" ಎಂದು ಎರಡೆರಡು ಸಲ ಕೇಳಿದೆ. ಅವರಿಗೆ ನನ್ನ ಅಜ್ಜಿಯ ಕಥೆ ಗೊತ್ತಿರಲಿಲ್ಲ. ಆದರೂ ನಕ್ಕು, "ಹೌದು ಅಕ್ಕಾ, ಕೆಂಪು ಇದಾನೆ" ಎಂದು ಎರಡೂ ಸಲ ಹೇಳಿದರು. ಹೊಕ್ಕುಳ ಬಳ್ಳಿಯ ಬಡಿತ ನಿಲ್ಲುವವರೆಗೆ ಕಾದು ಕತ್ತರಿಸಿದರು, ಟ್ಯೂಬುಗಳಿಗೆ ರಕ್ತ ಹಿಡಿದರು, ನನ್ನ ತೊಡೆಗೆ ರಕ್ತಸ್ರಾವ ತಡೆಯುವ ಇಂಜೆಕ್ಷನ್ ಕೊಟ್ಟರು, ಮಾಸು ಬಿತ್ತು, ಎರಡು ಹೊಲಿಗೆ. ಇದೆಲ್ಲ ಆಗುವಾಗ ಅವನು ಎದೆಯ ಮೇಲೇ ಇದ್ದ. ತಾಸಿನೊಳಗೆ ಹಾಲು ಹಿಡಿದ.

ಬಾಗಿಲಾಚೆ ನಿಂತಿದ್ದ ನಮ್ಮನೆಯವರಿಗೆ ಸುದ್ದಿ ಹೇಳಲು ಹೋದ ಅತ್ತೆ ಬಹಳ ಹೊತ್ತು ತಿರುಗಿ ಬರಲಿಲ್ಲ. ಮಗನ ತಲೆ ಸವರುತ್ತಾ ನಿಂತುಬಿಟ್ಟಿದ್ದರಂತೆ. ನಮ್ಮನೆಯವರು ಆಮೇಲೆ ನನಗೆ ಹೇಳಿದ್ದು.

ಎರಡನೇ ಹೆರಿಗೆಯ ಬಗ್ಗೆ ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಮಗು ಹಾಲು ಕುಡಿಯುವಾಗಲೆಲ್ಲ ಹೊಟ್ಟೆ ಹಿಂಡಿದಂತಹ ನೋವು ಬರುತ್ತದೆ. ಗರ್ಭಕೋಶ ಮತ್ತೆ ಕುಗ್ಗುವ ನೋವು ಅದು, ಎರಡನೇ ಸಲದವರಿಗೆ ಹೆಚ್ಚು. ನಾನು ಏನೋ ಕೆಟ್ಟದ್ದಾಗಿದೆ ಎಂದು ಹೆದರಿದ್ದೆ. ಎರಡು ಮೂರು ದಿನದಲ್ಲಿ ತಾನೇ ಇಳಿಯಿತು. ರಕ್ತ ಹೆಚ್ಚು ಹೋಗುತ್ತಿದ್ದರೆ, ಜ್ವರ ಬಂದರೆ ಮಾತ್ರ ಕೂಡಲೇ ಹೇಳಬೇಕು.

ಬೆಳಗಾದ ಮೇಲೆ ರಕ್ತದ ವರದಿ ಬಂತು. ಮಗು ಒ ಪಾಸಿಟಿವ್. ಡೈರೆಕ್ಟ್ ಕೂಂಬ್ಸ್ ನೆಗೆಟಿವ್, ಅಂದರೆ ಅವನ ರಕ್ತಕಣಗಳಿಗೆ ನನ್ನ ಯಾವ ಪ್ರತಿಕಾಯವೂ ಅಂಟಿರಲಿಲ್ಲ. ಹಿಮೋಗ್ಲೋಬಿನ್ ಸರಿಯಾಗಿತ್ತು. ಇನ್ನು ನನಗೆ ಆ್ಯಂಟಿ-ಡಿ. ನಮ್ಮನೆಯವರು ಮಳೆಯಲ್ಲೇ ಮೆಡಿಕಲ್ ಶಾಪಿಗೆ ಹೋದರು. ಹಿಂದಿನ ಮಧ್ಯಾಹ್ನದಿಂದ ಕರೆಂಟಿಲ್ಲ, ಫ್ರಿಜ್ ಏನಾಗಿದೆಯೋ ಎಂದು ಅವರ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಅಂಗಡಿಯವರು ಬಾಗಿಲು ಅರ್ಧ ತೆರೆದು ಕೂತಿದ್ದರು. ಕರೆಂಟು ಹೋದ ಕೂಡಲೇ ಚುಚ್ಚುಮದ್ದುಗಳನ್ನೆಲ್ಲ ಲಸಿಕೆ ಒಯ್ಯುವ ಐಸ್ ಡಬ್ಬಕ್ಕೆ ಹಾಕಿ, ಮೀನು ಮಾರ್ಕೆಟ್ಟಿನ ಕಡೆಯಿಂದ ಮಂಜುಗಡ್ಡೆ ತರಿಸಿ, ಒಳಗೆ ಥರ್ಮಾಮೀಟರ್ ಇಟ್ಟು ರಾತ್ರಿಯೆಲ್ಲ ನೋಡುತ್ತಿದ್ದರಂತೆ. "ನಿಮ್ಮ ಮನೆಯವರದು ಈ ತಿಂಗಳೇ ಅಲ್ವೇ, ನೆನಪಿತ್ತು" ಎಂದು ಡಬ್ಬದಿಂದ ತೆಗೆದು ಕೊಟ್ಟರು. ಅಂದು ಸಂಜೆಯೊಳಗೆ ಇಂಜೆಕ್ಷನ್ ಆಯಿತು, 72 ಗಂಟೆಯಲ್ಲಿ ಇನ್ನೂ ಎರಡು ದಿನ ಕೈಯಲ್ಲಿರುವಾಗಲೇ. ನನಗೆ ಕೊಟ್ಟ ಆ ಮದ್ದು ಮನುಷ್ಯರ ರಕ್ತದಿಂದ ತಯಾರಾದದ್ದು. ಎಲ್ಲಿಯದೋ ಊರಿನ, ನನ್ನ ಹಾಗೇ ನೆಗೆಟಿವ್ ಇರುವ ಯಾರೋ ತೋಳು ಚಾಚಿ ಕೊಟ್ಟದ್ದು. ಅವರ ಮುಖ ನನಗೆ ತಿಳಿಯುವಂತಿಲ್ಲ. ದಿನಾ ದೀಪ ಹಚ್ಚುವಾಗ ಅವರಿಗೂ ಒಂದು ಕೈ ಮುಗಿಯುತ್ತೇನೆ.

ಅವನಿಗೆ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಆದವು. ಕೂಸು ಮಾವನ ಜೊತೆ ಬಂದು ತಮ್ಮನನ್ನು ನೋಡಿ, "ಇಂವ ಎಂತಕ್ಕೆ ಕಣ್ಣು ಬಿಡ್ತಾ ಇಲ್ಲೆ?" ಎಂದು ಕೇಳಿತು. ನಿದ್ದೆ ಎಂದೆ. "ಎದ್ಮೇಲೆ ಬತ್ತಿ" ಎಂದು ತಿರುಗಿ ಹೊರಟೇಬಿಟ್ಟಿತು. ಗುರುವಾರ 'ನಗು-ಮಗು' ವಾಹನ ನಮ್ಮನ್ನು ಮನೆಯ ದಣಪೆಯವರೆಗೆ ತಂದು ಬಿಟ್ಟಿತು. ಕಾಮಾಲೆ ಸ್ವಲ್ಪ ಬಂತು, ಎಲ್ಲ ಮಕ್ಕಳಿಗೆ ಬರುವಷ್ಟು. ಬಿಸಿಲಿಗೆ ಹಿಡಿದರೆ ಸಾಕು ಎಂದು ನೆಂಟರು ಹೇಳಿದರೂ, ಸಿಸ್ಟರ್ ಹೇಳಿದಂತೆ ಕರೆದುಕೊಂಡು ಹೋಗಿ ರಕ್ತ ನೋಡಿಸಿದೆವು. ಬೆಳಕಿನ ಚಿಕಿತ್ಸೆ ಬೇಕಾಗುವ ಮಟ್ಟಕ್ಕಿಂತ ಬಹಳ ಕೆಳಗಿತ್ತು. ನನ್ನಂಥ ತಾಯಂದಿರ ಮಕ್ಕಳಿಗೆ ಬಿಸಿಲನ್ನು ನಂಬಿ ಕೂರಬಾರದು.

ಚಂಡಿಕಾ ಇಳಿದು ಬಸ್ಸು ಬಿಟ್ಟ ಮೊದಲ ದಿನವೇ ಆಯಿ ಬಂದಳು. ಕಾಲು ತೊಳೆದವಳು ನನ್ನ ಕೋಣೆಗೆ ಬಂದು ಮಗುವನ್ನು ಎತ್ತಿಕೊಂಡು ಹೊರಗೆ ಜಗಲಿಯ ಬೆಳಕಿಗೆ ಹೋದಳು. ಹೆಬ್ಬೆರಳಿನಿಂದ ಅಂಗಾಲು ಒತ್ತಿ ನೋಡಿದಳು, ಕಣ್ಣಿನ ರೆಪ್ಪೆ ಸರಿಸಿ ನೋಡಿದಳು, ಒಸಡು ನೋಡಿದಳು. ಹೇಗಾಯಿತು ಎಂದು ಅವಳು ಕೇಳಿದ್ದು ನನ್ನನ್ನು, ಹೇಳಿದ್ದೆಲ್ಲ ಅತ್ತೆ. ನೀರು ಹೋದದ್ದು, ನಾನು ಮನೆಗೆ ಹೋಗುತ್ತೇನೆಂದು ಅತ್ತದ್ದು, ಐಸ್ ಡಬ್ಬ, ಒಂದೂ ಬಿಡದೆ. ಇಬ್ಬರೂ ಅಡುಗೆಮನೆಯಲ್ಲಿ ಕೂತು ಮಾತಾಡುವುದು ನನಗೆ ಬಾಣಂತಿ ಕೋಣೆಯಲ್ಲಿ ಕೇಳುತ್ತಿತ್ತು. ಅಜ್ಜಿಯ ಮಕ್ಕಳ ಕಥೆಯನ್ನು ಆಯಿ ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದು ಅವತ್ತೇ. ಮದುವೆಯ ಮಾತುಕತೆಯ ಹೊತ್ತಿಗೆ ಅದನ್ನು ಮುಚ್ಚಿಟ್ಟಿದ್ದರು, ಹೆಣ್ಣಿನ ಕಡೆ ನಾಗದೋಷ ಇದೆ ಅಂದರೆ ಯಾರು ತಾನೇ ಒಪ್ಪುತ್ತಾರೆ ಎಂದು. ಅತ್ತೆ ಎಲ್ಲ ಕೇಳಿ, "ಪಾಪ, ಅವರಿಗೆ ಯಾರೂ ಹೇಳಲ್ಲೆ" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಆಯಿ ಚೌತಿಗೆ ಶಿರಸಿಗೆ ಹೊರಡುವ ಮುಂಚೆ ನನ್ನ ತಾಯಿ ಕಾರ್ಡು ಕೇಳಿ ಪಡೆದಳು. ಕನ್ನಡಕ ಹಾಕಿಕೊಂಡು, ಕೆಂಪು ಅಕ್ಷರ ಇದ್ದ ಪುಟ, ಆ್ಯಂಟಿ-ಡಿ ಕೊಟ್ಟ ತಾರೀಕು ಇದ್ದ ಪುಟ ಎರಡನ್ನೂ ಅಳಿಯನ ಹತ್ತಿರ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡಳು. ಯಾಕೆ ಎಂದು ಕೇಳಿದೆ. ಊರಿನಲ್ಲಿ ಕೆಳಗಿನ ಮನೆಯ ಸೊಸೆ ಮೂರು ತಿಂಗಳ ಬಸುರಿ, ಅವಳದೂ ನೆಗೆಟಿವ್ ಬಂದಿದೆಯಂತೆ. ಮೊದಲನೆಯದಲ್ಲವೇ, ಏನೂ ಬೇಡ ಎಂದು ಮನೆಯವರು ಸುಮ್ಮನಿದ್ದಾರಂತೆ. "ಹೋದ ಕೂಡ್ಲೇ ಅವಳತ್ರ ಮಾತಾಡವು" ಎಂದು ಚೀಲ ಹೆಗಲಿಗೇರಿಸಿದಳು.